ಹಾಡುವ ಪೆಟ್ಟಿಗೆಯೂ ನಮ್ಮ ಹೆಣ್ಣುಮಕ್ಕಳೂ



ಸಂಗೀತವೂ ಹಾಸ್ಯವೂ ಗೃಹಜೀವನಕ್ಕೆ ಎರಡು ದೀಪಗಳಿದ್ದಂತೆ. ಹಾಡಿಲ್ಲದ ಮನೆಯಲ್ಲಿ ಮಕ್ಕಳ ಹೃದಯವು ಒಣಗುತ್ತದೆ. ನಗೆಯಿಲ್ಲದ ಮನೆಯಲ್ಲಿ ದೊಡ್ಡವರ ಹೃದಯವು ಕಲ್ಲಾಗುತ್ತದೆ. ಪೂರ್ವದಲ್ಲಿ ಈ ಎರಡು ದೀಪಗಳನ್ನೂ ಮನೆಯವರೇ ತಮ್ಮ ಕೈಯಿಂದ ಹಚ್ಚಿಕೊಳ್ಳುತ್ತಿದ್ದರು. ರಾಗಿ ಬೀಸುವಾಗ ಒಂದು ಪದ, ತೊಟ್ಟಿಲು ತೂಗುವಾಗ ಒಂದು ಪದ, ಹಸೆಯ ಮೇಲೆ ಮದುಮಕ್ಕಳನ್ನು ಕೂರಿಸಿದಾಗ ಸೋಬಾನೆ, ಬೀಗರ ಊಟದಲ್ಲಿ ಪರಿಹಾಸ್ಯ—ಇವೆಲ್ಲಕ್ಕೂ ಹೆಂಗಸರೇ ಒಡತಿಯರಾಗಿದ್ದರು. ಈಗಲಾದರೋ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಬೀದಿಗಳಲ್ಲಿಯೂ ಸುತ್ತಣ ಹಳ್ಳಿಗಳ ಹಜಾರಗಳಲ್ಲಿಯೂ ಹಾಡು ಮತ್ತು ನಗೆ ಬಹುಮಟ್ಟಿಗೆ ಟೀವಿಯೆಂಬ ಪೆಟ್ಟಿಗೆಯ ಮೂಲಕವೂ, ಇತ್ತೀಚೆಗೆ ಅಂಗೈಯಲ್ಲಿನ ಫೋನಿನ ಮೂಲಕವೂ ಬಂದು ಸೇರುತ್ತಿವೆ.

ಈ ವಿಷಯದಲ್ಲಿ ನಮ್ಮವರಲ್ಲಿ ಎರಡು ಪಕ್ಷಗಳುಂಟು. ಆ ಪೆಟ್ಟಿಗೆಯೇ ಸಕಲ ಅನರ್ಥಗಳಿಗೂ ಮೂಲವಾದುದರಿಂದ ಅದನ್ನು ಮನೆಯಿಂದ ಹೊರಗೆ ಹಾಕಬೇಕೆಂಬುದು ಒಂದು ಪಕ್ಷ. ಕಾಲ ಬಂದಂತೆ ನಡೆಯಬೇಕು, ಮಕ್ಕಳು ನೋಡಿದ್ದನ್ನು ನೋಡಲಿ ಎಂಬುದು ಮತ್ತೊಂದು ಪಕ್ಷ. ಈ ಎರಡು ಪಕ್ಷಗಳವರೂ ವಿಚಾರಮಾಡುವ ಶ್ರಮವನ್ನು ತಪ್ಪಿಸಿಕೊಂಡಿದ್ದಾರೆಂದು ನನಗೆ ತೋರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಡಿನ ಕಾರ್ಯಕ್ರಮಕ್ಕೆ ಒಂದೇ ಪರೀಕ್ಷೆ: ಅದನ್ನು ನೋಡಿ ಎದ್ದ ಹುಡುಗಿ ತಾನೂ ಹಾಡುತ್ತಾಳೆಯೇ, ಇಲ್ಲವೇ ಕನ್ನಡಿಯ ಮುಂದೆ ಹೋಗಿ ನಿಂತು ಬಾಯಿ ಮುಚ್ಚಿಕೊಳ್ಳುತ್ತಾಳೆಯೇ? ಹಾಸ್ಯದ ಕಾರ್ಯಕ್ರಮಕ್ಕೂ ಒಂದೇ ಪರೀಕ್ಷೆ: ಎಲ್ಲರೂ ನಕ್ಕಾಗ ಆ ಮನೆಯಲ್ಲಿ ಯಾರ ಮುಖವಾದರೂ ಬಾಡಿತೇ? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದು ತಾನಾಗಿ ತಿಳಿಯುವುದು.

ಈ ಮಾತನ್ನು ಹಾಸನದವರು ಆಡುವುದಕ್ಕೆ ಒಂದು ವಿಶೇಷ ಕಾರಣವೂ ಇದೆ. ನಮ್ಮ ಊರಿನ ಎಂ.ಸಿ.ಎಫ್. ಎಂದು ಪ್ರಸಿದ್ಧವಾದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ೧೯೮೨ರಲ್ಲಿ ಸ್ಥಾಪಿತವಾಯಿತು. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿ ನಿಂತಿರುವ ಇನ್ಸಾಟ್ ಮೊದಲಾದ ಉಪಗ್ರಹಗಳು ತಮ್ಮ ಸ್ಥಾನದಿಂದ ಕದಲದಂತೆ ಹಗಲಿರುಳು ಕಾಯುವುದು ಇದರ ಕೆಲಸ. ೧೯೮೩ರಲ್ಲಿ ಇನ್ಸಾಟ್-೧ಬಿ ಉಪಗ್ರಹವು ಮೇಲಕ್ಕೆ ಹೋದ ಬಳಿಕವೇ ದೂರದರ್ಶನವು ದೇಶದ ಮೂಲೆಮೂಲೆಗೆ ಹಬ್ಬಿದುದು. ಹೀಗೆ ದೇಶಕ್ಕೆಲ್ಲ ಚಿತ್ರವನ್ನೂ ಹಾಡನ್ನೂ ಹಂಚಿದ ಯಂತ್ರದ ಕಡಿವಾಣವು ನಮ್ಮ ಊರಿನಲ್ಲಿಯೇ ಇದ್ದಿತು, ಇಂದಿಗೂ ಅಂಥ ಉಪಗ್ರಹಗಳ ಕಡಿವಾಣವು ಇಲ್ಲಿಯೇ ಇದೆ. ಆಕಾಶದಲ್ಲಿನ ಯಂತ್ರವನ್ನು ಹದ್ದುಬಸ್ತಿನಲ್ಲಿಡಬಲ್ಲ ಊರಿನವರು ಮನೆಯೊಳಗಿನ ಪೆಟ್ಟಿಗೆಯ ವಿಷಯದಲ್ಲಿ ಅಲಕ್ಷ್ಯರಾದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ನಾವೇ ಉದಾಹರಣೆಯಾಗುವೆವು.

ಮೊದಲು ಹಾಡು ನೋಟವಾದ ಬಗೆಯನ್ನು ಸ್ವಲ್ಪ ಪರ್ಯಾಲೋಚಿಸೋಣ. ಸಂಗೀತವನ್ನೇ ಮುಖ್ಯವಾಗಿಟ್ಟುಕೊಂಡು ಹಗಲಿರುಳು ನಡೆಯುವ ಟೀವಿಗೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟದ್ದು ಅಮೆರಿಕದ ಎಂ.ಟಿ.ವಿ. ಎಂಬ ವಾಹಿನಿ. ಅದು ೧೯೮೧ರ ಆಗಸ್ಟ್ ೧ರಂದು ಆರಂಭವಾಯಿತು. ರೇಡಿಯೋದ ತಾರೆಯನ್ನು ಚಿತ್ರವು ಕೊಂದಿತೆಂಬ ಅರ್ಥದ ಹೆಸರುಳ್ಳ ಹಾಡನ್ನೇ ಆ ದಿನ ಮೊಟ್ಟಮೊದಲು ತೋರಿಸಿದರೆಂಬುದು ಸೋಜಿಗದ ಸಂಗತಿ. ಆ ವಾಹಿನಿಯ ಮೊದಲ ವರ್ಷಗಳಲ್ಲಿ ಕಪ್ಪುಜನರ ಹಾಡುಗಳಿಗೆ ಅಲ್ಲಿ ಅತ್ಯಲ್ಪ ಸ್ಥಾನವಿದ್ದಿತು. ಹೀಗೇಕೆಂದು ೧೯೮೩ರಲ್ಲಿ ಡೇವಿಡ್ ಬೋವಿ ಎಂಬ ಇಂಗ್ಲಿಷ್ ಗಾಯಕನು ಅದೇ ವಾಹಿನಿಯ ಸಂದರ್ಶನದಲ್ಲಿ ಕೇಳಿದನು. ಮೈಕೇಲ್ ಜಾಕ್ಸನ್‌ನ ಹಾಡುಗಳು ಅಲ್ಲಿ ಜಾಗ ಪಡೆದದ್ದೂ ಅದೇ ವರ್ಷ. ಇದರಿಂದ ನಾವು ಕಲಿಯಬೇಕಾದುದೇನೆಂದರೆ, ಕಿವಿಗೆ ಬಣ್ಣ ತಿಳಿಯದು, ಕಣ್ಣಿಗೆ ತಿಳಿಯುತ್ತದೆ. ಹಾಡನ್ನು ಕಣ್ಣಿನ ವಶಕ್ಕೆ ಕೊಟ್ಟ ಕ್ಷಣದಿಂದಲೇ ಕಂಠಕ್ಕೆ ಸಲ್ಲಬೇಕಾದ ಮರ್ಯಾದೆಯು ಚರ್ಮಕ್ಕೆ ಸಲ್ಲುವ ಅಪಾಯವು ಹುಟ್ಟುತ್ತದೆ.

ನಮ್ಮ ನಾಡಿನಲ್ಲಿ ಇದು ಬೇರೆ ದಾರಿಯಿಂದ ಬಂದಿತು. ರೇಡಿಯೋ ಕಾಲದಲ್ಲಿ ಪಿ. ಸುಶೀಲ, ಎಸ್. ಜಾನಕಿ, ಬಿ. ಕೆ. ಸುಮಿತ್ರ ಇವರ ಕಂಠವನ್ನು ಬಲ್ಲ ಲಕ್ಷಾಂತರ ಜನರಿಗೆ ಅವರ ಮುಖಪರಿಚಯವಿರಲಿಲ್ಲ. ಆದರೂ ಮರ್ಯಾದೆಯಲ್ಲಿ ಕೊರತೆಯಿರಲಿಲ್ಲ. ಬೆಂಗಳೂರು ದೂರದರ್ಶನವು ೧೯೮೧ರಲ್ಲಿ ಪ್ರಾರಂಭವಾಗಿ, ಚಿತ್ರಗೀತೆಗಳ ‘ಚಿತ್ರಮಂಜರಿ’ಯು ಬಂದಾಗ ಅಕ್ಕಪಕ್ಕದ ಮನೆಯವರೆಲ್ಲ ಒಂದು ಪೆಟ್ಟಿಗೆಯ ಮುಂದೆ ಕೂಡುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಅನಂತರ ೧೯೯೪ರಲ್ಲಿ ಉದಯ, ೨೦೦೦ದಲ್ಲಿ ಈಟೀವಿ ಕನ್ನಡ, ೨೦೦೬ರಲ್ಲಿ ಜೀ ಕನ್ನಡ ಎಂಬ ವಾಹಿನಿಗಳು ಬಂದುವು. ಈಟೀವಿಯೇ ೨೦೧೫ರಲ್ಲಿ ಕಲರ್ಸ್ ಎಂಬ ಹೆಸರನ್ನು ತಳೆಯಿತು. ಕಾಲಕ್ರಮದಲ್ಲಿ ಹಾಡಿಗೇ ಒಂದು, ಹಾಸ್ಯಕ್ಕೇ ಒಂದು ಎಂದು ವಾಹಿನಿಗಳು ಬೇರೆಯಾದುವು. ಹಗಲಿರುಳು ಹಾಡು ಹರಿಯತೊಡಗಿತು. ಆದರೆ ಕಾಣಿಸಿದವರು ತುಟಿ ಆಡಿಸುವ ನಟನಟಿಯರು. ಹಾಡಿದವರ ಹೆಸರು ಮೂಲೆಯಲ್ಲಿ ಒಂದು ಕ್ಷಣ ಮಿಂಚಿ ಮಾಯವಾಗುವುದು. ಬರೆದ ಕವಿಯ ಹೆಸರಂತೂ ಎಷ್ಟೋ ಸಲ ಇಲ್ಲವೇ ಇಲ್ಲ.

ಇದರಿಂದ ಬಾಲಕಿಯರ ಮನಸ್ಸಿನ ಮೇಲೆ ಆಗತಕ್ಕ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಹಾಡು ಎಂಬುದು ತೆಳ್ಳಗೆ ಬೆಳ್ಳಗೆ ಇರುವವರಿಗೆ ಸೇರಿದ್ದು, ತನಗಲ್ಲ ಎಂಬ ಭಾವನೆಯು ಯಾರೂ ಹೇಳಿಕೊಡದೆಯೇ ಬೇರೂರುತ್ತದೆ. “ಕಂಠವೇನೋ ಚೆನ್ನಾಗಿದೆ, ಬಣ್ಣ ಸ್ವಲ್ಪ ಕಡಿಮೆ, ಇಲ್ಲದಿದ್ದರೆ ಟೀವಿಗೆ ಕಳುಹಿಸಬಹುದಿತ್ತು” ಎಂಬಂಥ ಮಾತನ್ನು ಹುಡುಗಿಯ ಎದುರಿನಲ್ಲಿಯೇ ಆಡುವ ಹಿರಿಯರು ನಮ್ಮಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ಆ ಮಾತು ಬಿದ್ದ ದಿನದಿಂದ ಅಡಿಗೆಮನೆಯಲ್ಲಿ ಗುನುಗುತ್ತಿದ್ದ ಕಂಠವು ನಿಲ್ಲುತ್ತದೆ. ಪೆಟ್ಟಿಗೆಯು ಕೆಡಿಸುವುದು ಅರ್ಧ. ಅದರ ಅಳತೆಗೋಲನ್ನು ಎತ್ತಿಕೊಂಡು ನಮ್ಮ ಮಕ್ಕಳನ್ನು ಅಳೆಯುವ ನಾವು ಕೆಡಿಸುವುದು ಉಳಿದರ್ಧ.

ಆದರೆ ನ್ಯಾಯವನ್ನೂ ಹೇಳಬೇಕು. ಹಾಡುವವರನ್ನು ಮರೆಮಾಡಿದ ಟೀವಿಯೇ ಅವರನ್ನು ಮತ್ತೆ ಮುಂದಕ್ಕೆ ತಂದಿತು. ದೂರದರ್ಶನದ ಚಂದನ ವಾಹಿನಿಯ ‘ಮಧುರ ಮಧುರವೀ ಮಂಜುಳ ಗಾನ’ವೂ, ಈಟೀವಿ ಕನ್ನಡದಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’ ಎಂಬುದೂ ಇದಕ್ಕೆ ನಿದರ್ಶನಗಳು. ಜಿ. ಎಸ್. ಶಿವರುದ್ರಪ್ಪನವರ ಕವಿತೆಯೊಂದನ್ನು ನೆನಪಿಗೆ ತರುವ ಈ ಹೆಸರೇ ಸದಭಿರುಚಿಯನ್ನು ಸೂಚಿಸುತ್ತದೆ. ಬಾಲಸುಬ್ರಹ್ಮಣ್ಯಂ ಅವರು ಮಕ್ಕಳ ಉಚ್ಚಾರವನ್ನು ತಿದ್ದುವರು, ಕವಿ ಯಾರು, ರಾಗ ಹಾಕಿದವರು ಯಾರು ಎಂದು ತಿಳಿಸುವರು, ತಪ್ಪಿದವರನ್ನು ನಗಿಸಿ ಕಳುಹಿಸುವರು. ಅವರು ೨೦೨೦ರ ಸೆಪ್ಟೆಂಬರ್ ೨೫ರಂದು ದಿವಂಗತರಾದಾಗ ನಮ್ಮ ಊರುಗಳ ಮನೆಮನೆಗಳಲ್ಲಿ ಬಂಧುವನ್ನು ಕಳೆದುಕೊಂಡಂತೆ ಜನರು ಮರುಗಿದುದು ಈ ಕಾರಣದಿಂದಲೇ. ಆ ಕಾರ್ಯಕ್ರಮವನ್ನು ನೋಡಿ ಎದ್ದವರು ಹಾಡುತ್ತಿದ್ದರು. ನನ್ನ ಮೊದಲನೆಯ ಪರೀಕ್ಷೆಯಲ್ಲಿ ಅದು ಉತ್ತೀರ್ಣವಾಯಿತು.

ಜೀ ಕನ್ನಡದ ‘ಸರಿಗಮಪ’ದಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ತರುಣ ಹನುಮಂತನು ಪಂಚೆ ಉಟ್ಟು, ಹಳ್ಳಿಯ ಪದಗಳನ್ನು ಹಾಡಿ, ೨೦೧೯ರಲ್ಲಿ ಎರಡನೆಯ ಸ್ಥಾನವನ್ನು ಪಡೆದುದು ಸರ್ವವಿದಿತ. ರೂಪಕ್ಕೂ ವೇಷಕ್ಕೂ ಸೋಲದೆ ಜನರು ಕಂಠಕ್ಕೆ ಸೋತ ಸಂದರ್ಭವದು. ಆದರೆ ಅದೇ ವೇದಿಕೆಯ ಇನ್ನೊಂದು ಸಂಗತಿಯನ್ನೂ ಮರೆಯಬಾರದು. ೨೦೧೭ರಲ್ಲಿ ಶಿವಮೊಗ್ಗ ಜಿಲ್ಲೆಯ ಒಬ್ಬ ಮುಸಲ್ಮಾನ ತರುಣಿಯು ತಲೆವಸ್ತ್ರವನ್ನು ಧರಿಸಿಕೊಂಡೇ ಹಿಂದೂ ಭಕ್ತಿಗೀತೆಯನ್ನು ಹಾಡಿದಳು. ತೀರ್ಪುಗಾರರು ಮೆಚ್ಚಿದರು, ಹೊರಗಿನ ಕೆಲವರಾದರೋ ಪರಪುರುಷರೆದುರಿಗೆ ನಿಂತು ಹಾಡಿದಳೆಂದು ಫೇಸ್‌ಬುಕ್ಕಿನಲ್ಲಿ ಹೀಯಾಳಿಸಿದರು. ಅವಳ ಪರವಾಗಿ ನಿಂತವರೂ ಬಹುಮಂದಿ. ಕುರಿಗಾಹಿ ಹುಡುಗನನ್ನು ಯಾರೂ ಕೇಳದ ಪ್ರಶ್ನೆಗಳನ್ನು ಹುಡುಗಿಗೆ ಕೇಳಿದರೆಂಬುದನ್ನು ಹೆಣ್ಣುಮಕ್ಕಳ ತಾಯಿತಂದೆಗಳು ಗಮನಿಸತಕ್ಕದ್ದು. ಹೆಣ್ಣು ಹಾಡಿದರೆ ಸ್ವರ ಶುದ್ಧವಾಗಿದೆಯೇ ಎಂಬ ಪ್ರಶ್ನೆಯೊಂದನ್ನಲ್ಲದೆ ಬೇರೆ ಪ್ರಶ್ನೆಯನ್ನು ಕೇಳುವ ಅಧಿಕಾರವು ಯಾರಿಗೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ಅನೇಕ ಪೋಷಕರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಮಗಳನ್ನು ಇಂಥ ಸ್ಪರ್ಧೆಗಳಿಗೆ ಕಳುಹಿಸಬಹುದೇ? ಕಳುಹಿಸಕೂಡದೆಂದು ನಾನು ಹೇಳಲಾರೆ. ಆದರೆ ಕಳುಹಿಸುವವರು ಕಾನೂನನ್ನು ತಿಳಿದಿರಬೇಕು. ೧೪ ವರ್ಷ ತುಂಬದ ಮಕ್ಕಳು ಕಲಾವಿದರಾಗಿ ಕೆಲಸಮಾಡುವ ವಿಷಯದಲ್ಲಿ ೨೦೧೭ರ ಕೇಂದ್ರ ಸರ್ಕಾರದ ನಿಯಮಗಳು ಸ್ಪಷ್ಟವಾಗಿವೆ. ಜಿಲ್ಲಾ ದಂಡಾಧಿಕಾರಿಗಳ ಅನುಮತಿಯು ಬೇಕು. ದಿನಕ್ಕೆ ೫ ಗಂಟೆಗಿಂತ ಹೆಚ್ಚಾಗಿಯೂ, ವಿಶ್ರಾಂತಿಯಿಲ್ಲದೆ ೩ ಗಂಟೆಗಿಂತ ಹೆಚ್ಚಾಗಿಯೂ, ಒಂದೇ ಸಮನೆ ೨೭ ದಿನಗಳಿಗಿಂತ ಹೆಚ್ಚಾಗಿಯೂ ಮಗುವಿನಿಂದ ಕೆಲಸ ಮಾಡಿಸಕೂಡದು. ಬಂದ ವರಮಾನದಲ್ಲಿ ಶೇಕಡ ೨೦ಕ್ಕೆ ಕಡಿಮೆಯಿಲ್ಲದಂತೆ ಮಗುವಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ನಿರಖು ಠೇವಣಿ ಇಡಬೇಕು. ಓದಿಗೆ ಭಂಗ ಬರಕೂಡದು. ಇವನ್ನು ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚಪಡಬೇಕಾದ್ದಿಲ್ಲ. ದೊಡ್ಡವರ ಶೃಂಗಾರಭಂಗಿಗಳನ್ನು ಚಿಕ್ಕ ಮಕ್ಕಳಿಂದ ಮಾಡಿಸುವ ನೃತ್ಯಸ್ಪರ್ಧೆಗಳ ವಿಷಯದಲ್ಲಿ ೨೦೧೯ರ ಜೂನ್ ತಿಂಗಳಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಖಾಸಗಿ ವಾಹಿನಿಗಳಿಗೆ ಎಚ್ಚರಿಕೆಯ ಸೂಚನೆಯನ್ನು ಕೊಡಬೇಕಾಯಿತೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಕಾನೂನಿಗಿಂತ ಮೇಲಾದ ಇನ್ನೊಂದು ಮಾತುಂಟು. ಕಂಠವು ಮೊದಲು, ವೇದಿಕೆಯು ಆಮೇಲೆ. ಈ ಪಾಠವನ್ನು ಕಲಿಯುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲಿರುವ ರುದ್ರಪಟ್ಟಣವು ಒಂದು ಸಣ್ಣ ಗ್ರಾಮ. ಆದರೆ ಕರ್ನಾಟಕ ಸಂಗೀತವನ್ನು ಬಲ್ಲವರಿಗೆ ಅದು ಕ್ಷೇತ್ರವೇ ಸರಿ. ಆರ್. ಕೆ. ಶ್ರೀಕಂಠನ್ ಅವರು ೧೯೨೦ರಲ್ಲಿ ಅಲ್ಲಿಯೇ ಹುಟ್ಟಿದರು. ರುದ್ರಪಟ್ಟಣಂ ಸಹೋದರರೆಂದು ಖ್ಯಾತರಾದ ತ್ಯಾಗರಾಜನ್ ಮತ್ತು ತಾರಾನಾಥನ್ ಅವರೂ, ಆರ್. ಕೆ. ಪದ್ಮನಾಭ ಅವರೂ ಆ ಊರಿನವರೇ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನಮಂದಿರವೂ ಎದ್ದಿತು. ಚನ್ನರಾಯಪಟ್ಟಣದಲ್ಲಿ ೧೯೩೯ರಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಅವರು ಕನ್ನಡ ಕವಿಗಳ ಪದಗಳನ್ನು ಸಾಮಾನ್ಯ ಜನರ ಬಾಯಿಗೆ ಹಾಕಿಕೊಟ್ಟರು. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಎಂಬ ಗಾಯನಸಭೆಗೆ ಜನಸಾಗರವೇ ನೆರೆದಿತ್ತು. ಇವರಾರೂ ಮುಖ ತೋರಿಸುವುದಕ್ಕಾಗಿ ಹಾಡಿದವರಲ್ಲ. ವರ್ಷಗಟ್ಟಲೆ ಶ್ರುತಿಯ ಮುಂದೆ ಕೂತು ಕಂಠವನ್ನು ಪಕ್ವಮಾಡಿಕೊಂಡವರು. ಮೂರು ತಿಂಗಳಲ್ಲಿ ಒಂದು ಹಾಡನ್ನು ಉರುಹೊಡೆಸಿ ಮಗುವನ್ನು ಬೆಂಗಳೂರಿಗೆ ಕರೆದೊಯ್ಯುವ ತಾಯಿತಂದೆಗಳು ಈ ಹಿರಿಯರ ಜೀವನವನ್ನು ಒಮ್ಮೆ ಮನನಮಾಡಲಿ.

ಇನ್ನು ಹಾಸ್ಯದ ವಿಷಯ. ಹಾಡಿನ ವಾಹಿನಿಗಳು ಹಾಡುಹಾಡಿನ ನಡುವೆ ವಿಚಿತ್ರವಾದ ನಗೆಯನ್ನು ತುಂಬುವ ಪದ್ಧತಿಯೂ ಎಂ.ಟಿ.ವಿ. ವರ್ಗದಿಂದಲೇ ನಮ್ಮ ದೇಶಕ್ಕೆ ಬಂದಿತು. ೧೯೯೪ರಲ್ಲಿ ಬಂದ ಚಾನೆಲ್ ವಿ ಎಂಬ ವಾಹಿನಿಯು ಕ್ವಿಕ್ ಗನ್ ಮುರುಗನ್ ಎಂಬ ಕೌಬಾಯ್ ವೇಷದ ದಕ್ಷಿಣದೇಶದ ವೀರನನ್ನು ಸೃಷ್ಟಿಸಿತು. ಅದು ಸಿನಿಮಾದ ಅತಿಶಯೋಕ್ತಿಯನ್ನು ಅಣಕಿಸಿದ ನಗೆ. ಅದರಿಂದ ಬಡಪಾಯಿಗೆ ನೋವಿಲ್ಲ. ೧೯೯೬ರಲ್ಲಿ ಬಂದ ಎಂ.ಟಿ.ವಿ. ಇಂಡಿಯಾದವರ ‘ಬಕರಾ’ ಎಂಬುದಾದರೋ ಬೀದಿಯಲ್ಲಿ ಹೋಗುವ ಅಮಾಯಕನನ್ನು ಗುಪ್ತ ಕ್ಯಾಮರಾದ ಮುಂದೆ ಬೇಸ್ತು ಬೀಳಿಸಿ ನಗುವ ಕಾರ್ಯಕ್ರಮ. ಒಂದೇ ಕಾಲದಲ್ಲಿ ಹುಟ್ಟಿದ ಈ ಎರಡು ನಗೆಗಳಿಗೂ ಎಷ್ಟು ಅಂತರ! ಇಂದು ನಮ್ಮ ಮಕ್ಕಳು ಫೋನಿನಲ್ಲಿ ನೋಡುವ ‘ಪ್ರಾಂಕ್’ಗಳೆಲ್ಲ ಎರಡನೆಯದರ ಸಂತಾನಗಳೇ.

ಕನ್ನಡದಲ್ಲಿಯೂ ೨೦೧೫ರಲ್ಲಿ ‘ಮಜಾ ಟಾಕೀಸ್’, ೨೦೧೬ರಲ್ಲಿ ‘ಕಾಮಿಡಿ ಕಿಲಾಡಿಗಳು’, ೨೦೨೨ರಲ್ಲಿ ‘ಗಿಚ್ಚಿ ಗಿಲಿಗಿಲಿ’ ಮೊದಲಾದ ಹಾಸ್ಯದ ಕಾರ್ಯಕ್ರಮಗಳು ಬಂದುವು. ಹಳ್ಳಿಯ ನಾಟಕದಿಂದ ಬಂದ ಎಷ್ಟೋ ಕಲಾವಿದರಿಗೆ ಇವು ಅನ್ನವನ್ನೂ ಹೆಸರನ್ನೂ ಕೊಟ್ಟುವು. ಹೆಂಗಸರು ಗಂಡಸರಿಗೆ ಸಮನಾಗಿ ನಿಂತು ಜನರನ್ನು ನಗಿಸಬಲ್ಲರೆಂಬುದನ್ನೂ ತೋರಿಸಿದುವು. ಇದು ಸಣ್ಣ ಉಪಕಾರವಲ್ಲ. ಆದರೆ ಟೀವಿಯ ಹಾಸ್ಯದಲ್ಲಿ ಸಾಮಾನ್ಯವಾಗಿ ನುಸುಳುವ ಒಂದು ಸುಲಭದ ಸರಕುಂಟು: ದಪ್ಪಗಿರುವವಳು, ಕಪ್ಪಗಿರುವವಳು, ಹಲ್ಲು ಮುಂದಿರುವವಳು, ತೊದಲುವವನು, ಗಂಡನನ್ನು ಕಾಡುವ ಹೆಂಡತಿ. ಗಂಡಸು ಸ್ತ್ರೀವೇಷ ಹಾಕುವುದು ತಪ್ಪಲ್ಲ. ನಮ್ಮ ಬಯಲಾಟ, ಕಂಪನಿ ನಾಟಕಗಳಲ್ಲಿ ಅದು ಗೌರವದ ಕಲೆಯಾಗಿದ್ದಿತು. ಆ ವೇಷದಿಂದ ಹೆಣ್ಣಿನ ಮೈಯನ್ನೇ ಗೇಲಿಮಾಡುವುದು ತಪ್ಪು. ಪೆಟ್ಟಿಗೆಯ ಮುಂದೆ ಹತ್ತು ಜನರು ನಗುವಾಗ ಅವರ ನಡುವೆ ಕುಳಿತ ದಪ್ಪನೆಯ ಹುಡುಗಿಯು ತಾನೂ ನಗಲೇಬೇಕಾಗುತ್ತದೆ. ಆ ನಗೆಯ ಬೆಲೆಯನ್ನು ತೆರುವವಳು ಅವಳೊಬ್ಬಳೇ.

ಹಾಗಾದರೆ ಯಾರನ್ನೂ ನೋಯಿಸದೆ ನಗಿಸುವುದು ಸಾಧ್ಯವೇ ಎಂದು ಕೇಳುವವರಿಗೆ ಹೇಮಾವತಿಯ ದಡದಲ್ಲಿನ ಗೊರೂರನ್ನು ತೋರಿಸುತ್ತೇನೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಎಂಬ ಪುಸ್ತಕಗಳಲ್ಲಿ ನಮ್ಮ ಸೀಮೆಯ ಜನರ ಹುಚ್ಚುಗಳನ್ನೂ ಹಟಗಳನ್ನೂ ಕುರಿತು ಬರೆದರು. ಓದಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆದರೆ ಪುಸ್ತಕವನ್ನು ಮುಚ್ಚಿದಾಗ ಆ ಜನರ ಮೇಲೆ ಪ್ರೀತಿಯೇ ಹೆಚ್ಚಿರುತ್ತದೆ. ನಗುವವನು ತಾನೂ ಅದೇ ಜಗಲಿಯ ಮೇಲೆ ಕುಳಿತಿರುವುದೇ ಇದರ ಗುಟ್ಟು. ಟೀವಿಗೆ ಬರೆಯುವವರು ನಮ್ಮ ಈ ಹಿರಿಯರನ್ನು ಓದಿದರೆ ಅವರಿಗೆ ಸರಕಿನ ಬರವಿರುವುದಿಲ್ಲ.

ಬಡವರ ಮಗಳಿಗೆ ಟೀವಿಯಲ್ಲದೆ ಬೇರೆ ಯಾವ ಏಣಿಯಿದೆ ಎಂಬ ಆಕ್ಷೇಪಣೆಯು ನ್ಯಾಯವಾದುದು. ಹಾರ್ಮೋನಿಯಂ ಕೊಳ್ಳಲು ಶಕ್ತಿಯಿಲ್ಲದ ಮನೆಯ ಹುಡುಗಿಗೆ ಒಂದೇ ರಾತ್ರಿಯಲ್ಲಿ ನಾಡೆಲ್ಲ ಪರಿಚಯವಾಗುವುದು ಸಾಮಾನ್ಯ ಭಾಗ್ಯವಲ್ಲ. ಆದರೆ ಏಣಿಯ ತುದಿಯಲ್ಲಿ ನಿಲ್ಲುವವಳು ಒಬ್ಬಳು. ಮೆಟ್ಟಿಲಿಂದ ಇಳಿದು ಬರುವವರು ನೂರಾರು. ಆ ಏಣಿಯೂ ಶಾಶ್ವತವಲ್ಲ. ಚಾನೆಲ್ ವಿ ೨೦೧೮ರಲ್ಲಿ ನಮ್ಮ ದೇಶದಲ್ಲಿ ಮುಚ್ಚಿಹೋಯಿತು. ಎಂ.ಟಿ.ವಿ.ಯವರು ಬ್ರಿಟನ್ನಿನಲ್ಲಿ ಹಾಡಿಗೇ ಮೀಸಲಾಗಿದ್ದ ತಮ್ಮ ವಾಹಿನಿಗಳನ್ನು ೨೦೨೫ರ ಕೊನೆಗೆ ನಿಲ್ಲಿಸಿದರು. ರೇಡಿಯೋದ ತಾರೆಯನ್ನು ಕೊಂದೆನೆಂದು ಹಾಡುತ್ತ ಬಂದುದರ ಗತಿಯೇ ಹೀಗಾಯಿತು. ಪೆಟ್ಟಿಗೆಗಳು ಬರುವುವು, ಹೋಗುವುವು. ಹುಡುಗಿಯ ಕಂಠವು ಅವಳೊಂದಿಗೆ ಅರುವತ್ತು ವರ್ಷಗಳಿರಬೇಕು.

ಆದುದರಿಂದ ಪೋಷಕರಲ್ಲಿಯೂ ಸೋದರಿಯರಲ್ಲಿಯೂ ನನ್ನ ವಿಜ್ಞಾಪನೆಗಳು ನಾಲ್ಕು. ಒಂದನೆಯದು: ಮಕ್ಕಳೊಡನೆ ಹಾಡಿನ ಕಾರ್ಯಕ್ರಮವನ್ನು ನೋಡಿದ ರಾತ್ರಿ ಪೆಟ್ಟಿಗೆಯನ್ನು ಆರಿಸಿ, ಅದರಲ್ಲಿ ಬಂದ ಒಂದು ಹಾಡನ್ನಾದರೂ ಮನೆಯವರೆಲ್ಲ ಹಾಡಿರಿ, ಅದರ ಕವಿ ಯಾರು, ಗಾಯಕಿ ಯಾರು ಎಂದು ಮಕ್ಕಳಿಂದಲೇ ಹುಡುಕಿಸಿರಿ. ಎರಡನೆಯದು: ಮಗಳ ಕಂಠವನ್ನು ಹೊಗಳುವಾಗ ಬಣ್ಣದ ಮಾತನ್ನೂ ಮೈಯ ಮಾತನ್ನೂ ಎತ್ತಬೇಡಿರಿ. ಮೂರನೆಯದು: ಹೀನವಾದ ಹಾಸ್ಯವು ಬಂದಾಗ ನಗದೆ ಸುಮ್ಮನಿರಿ, ಏಕೆ ನಗಲಿಲ್ಲವೆಂದು ಮಕ್ಕಳು ಕೇಳಿಯೇ ಕೇಳುವರು, ಆಗ ಹೇಳಿರಿ. ನಾಲ್ಕನೆಯದು: ನಿಮ್ಮ ಅಧಿಕಾರವನ್ನು ಉಪಯೋಗಿಸಿರಿ. ೨೦೧೯ರಿಂದೀಚೆಗೆ ಬೇಕಾದ ವಾಹಿನಿಯನ್ನು ಆರಿಸಿಕೊಳ್ಳುವ, ಬೇಡವಾದುದನ್ನು ಬಿಡುವ ಹಕ್ಕು ಪ್ರತಿಯೊಂದು ಮನೆಗೂ ಇದೆ. ಹೆಂಗಸರನ್ನೂ ಮಕ್ಕಳನ್ನೂ ಹೀನೈಸುವ ಕಾರ್ಯಕ್ರಮಗಳನ್ನು ಕೇಬಲ್ ಟೀವಿಯ ನಿಯಮಗಳೇ ನಿಷೇಧಿಸಿವೆ. ಇಂಥ ದೂರುಗಳನ್ನು ವಿಚಾರಿಸುವುದಕ್ಕಾಗಿ ಪ್ರಸಾರಕರೇ ೨೦೧೧ರಲ್ಲಿ ಒಂದು ಮಂಡಲಿಯನ್ನು ಏರ್ಪಡಿಸಿದ್ದಾರೆ. ಓದುಬರಹ ಕಲಿತ ಹೆಂಗಸರು ಒಂದು ಪತ್ರವನ್ನು ಬರೆಯಲಾರರೇ?

ಕೊನೆಯದಾಗಿ ಒಂದು ಮಾತು. ಸ್ಪರ್ಧೆಯಲ್ಲಿ ಗೆದ್ದ ಹುಡುಗಿಯನ್ನು ಊರೆಲ್ಲ ಹೊತ್ತು ಮೆರೆಸುತ್ತದೆ. ಅವಳಿಗೆ ನಮ್ಮ ಚಿಂತೆ ಬೇಡ. ಮೊದಲನೆಯ ಸುತ್ತಿನಲ್ಲಿಯೇ ಸೋತು ರಾತ್ರಿಯ ಬಸ್ಸಿನಲ್ಲಿ ಹಾಸನಕ್ಕೋ ಹೊಳೆನರಸೀಪುರಕ್ಕೋ ಹಿಂದಿರುಗುವ ಹುಡುಗಿಯನ್ನು ನೋಡಿರಿ. ಮರುದಿನ ಬೆಳಿಗ್ಗೆ ನೀರು ತುಂಬುವಾಗ ಅವಳು ಹಾಡುತ್ತಾಳೆಯೇ? ಹಾಡಿದರೆ ಆ ಮನೆಯು ಒಳ್ಳೆಯ ಮನೆ, ಅವಳು ಕಲಿತ ಶಾಲೆಯು ಒಳ್ಳೆಯ ಶಾಲೆ. ಅಂಥ ಮನೆಗಳೂ ಶಾಲೆಗಳೂ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.